ದಿಂಬಿನ ಕೆಳಗಿನ ಮನೆ ಪುಸ್ತಕ

ಅಕ್ಟೋಬರ್ 17, ಮಂಗಳವಾರ

ಚೆಂಗ್ಡು. ಹನ್ನೊಂದನೇ ಮಹಡಿ, 1107ನೇ ಕೋಣೆ. ಬಂದು ಅರ್ಧ ಗಂಟೆಯಾಗಿಲ್ಲ, ಆಗಲೇ ಒಂಬತ್ತು ದೋಷ ಸಿಕ್ಕಿವೆ. ಪರದೆಯ ಅಂಚಿನ ಹೊಲಿಗೆ ಎರಡು ಗೇಣು ಬಿಚ್ಚಿಕೊಂಡಿದೆ. ನೆಲಹಾಸಿನ ಮೇಲೆ ಯಾರೋ ಚಹಾ ಚೆಲ್ಲಿದ್ದಾರೆ. ಕಿಟಕಿ ಒಂದು ಗೇಣಿಗಿಂತ ಹೆಚ್ಚು ತೆರೆಯುವುದಿಲ್ಲ. ಬಿಸಿನೀರಿನ ನಲ್ಲಿ ಮೊದಲು ಮೂರು ನಿಮಿಷ ತಣ್ಣೀರು ಕೊಡುತ್ತದೆ. ಕಾಗದದ ಚಪ್ಪಲಿಗಳಲ್ಲಿ ಒಂದು ದೊಡ್ಡದು, ಒಂದು ಚಿಕ್ಕದು. ಹಾಸಿಗೆಯ ಮೇಲುಹೊದಿಕೆಯಲ್ಲಿ ಉದ್ದಕ್ಕೂ ಒಂದು ಎಳೆ ತಪ್ಪಿದೆ. ನನ್ನ ಕಾಲದಲ್ಲಿ ಇಂಥ ಬಟ್ಟೆ ಗಿರಣಿಯ ಗೇಟು ದಾಟುತ್ತಿರಲಿಲ್ಲ.

ಫಾಂಗ್ ಮಿನ್ ತನ್ನ ಹಾಸಿಗೆಯ ಮೇಲೆ ಕಾಲು ಚಾಚಿ ಕೂತು ನಕ್ಕಳು. "ಅಕ್ಕಾ, ಇದು ಹೋಟೆಲು ಕಣೇ, ನಿನ್ನ ತಪಾಸಣೆ ಮೇಜಲ್ಲ. ಮೊದ್ಲು ಒಂದ್ ಲೋಟ ಬಿಸಿನೀರು ಕುಡಿ."

ಶಿಯಾನ್‌ಯಾಂಗ್‌ನ ಹತ್ತಿ ಗಿರಣಿಯಲ್ಲಿ ಮೂವತ್ತೊಂದು ವರ್ಷ ಬಟ್ಟೆ ತಪಾಸಣೆ ಮಾಡಿದವಳು ನಾನು. ಬೆಳಕಿನ ಮೇಜಿನ ಮೇಲೆ ಬಟ್ಟೆಯ ಥಾನು ಸರಿಯುತ್ತಲೇ ಇರುತ್ತದೆ, ಕೈಯಲ್ಲಿ ಸೀಮೆಸುಣ್ಣ, ದೋಷ ಕಂಡಲ್ಲಿ ಒಂದು ಗೀಟು. ಪಾಳಿ ಮುಗಿದ ಮೇಲೆ ಪಾಳಿ ಪುಸ್ತಕದಲ್ಲಿ ಬರೆಯಬೇಕು. ನಿವೃತ್ತಿಯಾಗಿ ಹದಿಮೂರು ವರ್ಷವಾಯಿತು, ಬರೆಯದೆ ಮಲಗಿದರೆ ಇವತ್ತಿಗೂ ನಿದ್ದೆ ಹತ್ತುವುದಿಲ್ಲ. ಫಾಂಗ್ ಮಿನ್ ಅದೇ ಗಿರಣಿಯಲ್ಲಿ ನೂಲು ಜೋಡಿಸುತ್ತಿದ್ದಳು. ಹಾಸ್ಟೆಲ್ಲಿನಲ್ಲಿ ಕೆಳಗಿನ ಮಂಚ ನನ್ನದು, ಮೇಲಿನದು ಅವಳದು. ನಲವತ್ತನಾಲ್ಕು ವರ್ಷದ ಸ್ನೇಹ. ನನ್ನ ಮನೆಯ ಇನ್ನೊಂದು ಬೀಗದ ಕೈ ಇರುವುದು ಅವಳ ಹತ್ತಿರ ಮಾತ್ರ.

ಹತ್ತನೇ ದೋಷ ಕೆಳಗೆ ಕೌಂಟರಿನಲ್ಲೇ ಸಿಕ್ಕಿತ್ತು, ಬರೆಯಲು ಮರೆತೆ. ನಮ್ಮ ಗುರುತಿನ ಚೀಟಿ ಯಂತ್ರದ ಮೇಲಿಟ್ಟ ಹುಡುಗಿ ಫಾಂಗ್ ಮಿನ್ ಕಡೆ ನೋಡಿ, "ಮತ್ತೆ ಬಂದ್ರಲ್ಲ ಮೇಡಂ, ತುಂಬಾ ಸಂತೋಷ. ಮಾರ್ಚ್‌ನಲ್ಲಿ ಇದ್ರಲ್ಲ, ಅದೇ ಮಹಡಿ ಕೊಡ್ಲಾ?" ಎಂದಳು.

"ನಾನಾ? ಇಲ್ಲಮ್ಮ," ಎಂದಳು ಫಾಂಗ್ ಮಿನ್. "ಫಾಂಗ್ ಮಿನ್ ಅನ್ನೋ ಹೆಸರಲ್ಲಿ ದೇಶದಲ್ಲಿ ಎಷ್ಟ್ ಸಾವಿರ ಜನ ಇದಾರೋ ಏನೋ."

ಹುಡುಗಿ ಒಮ್ಮೆ ಚೀಟಿ ನೋಡಿದಳು, ಒಮ್ಮೆ ಪರದೆ ನೋಡಿದಳು, ಕೋಣೆಯ ಕಾರ್ಡ್ ಕೊಟ್ಟಳು. ಇವರ ಕಂಪ್ಯೂಟರೂ ಸರಿಯಿಲ್ಲ. ಮಾರ್ಚ್ ಮೊದಲ ವಾರದಿಂದ ಫಾಂಗ್ ಮಿನ್ ನಲವತ್ತು ದಿನ ಹಾನ್‌ಜೋಂಗ್‌ನಲ್ಲಿ ತಮ್ಮನ ಮಗನ ತೋಟದಲ್ಲಿದ್ದಳು. ನನಗೆ ಚಹಾಪುಡಿ ತಂದುಕೊಟ್ಟಿದ್ದಳು.

ಮನೆ ಪುಸ್ತಕವನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದೇನೆ. ಗೋಡೆಯಲ್ಲಿ ತಿಜೋರಿ ಇದೆ, ನಾಲ್ಕು ಅಂಕಿ ಒತ್ತಿದರೆ ಮುಚ್ಚುತ್ತದೆ. ನಾಲ್ಕು ಅಂಕಿಯನ್ನು ನಂಬುವವಳು ನಾನಲ್ಲ. ಕುಟುಂಬದ ನೋಂದಣಿ ಪುಸ್ತಕವನ್ನು ಯಾರಾದರೂ ಪ್ರವಾಸಕ್ಕೆ ತರುತ್ತಾರೆಯೇ ಎಂದು ಫಾಂಗ್ ಮಿನ್ ಮೊನ್ನೆಯೂ ಕೇಳಿದಳು. ತರುತ್ತಾರೆ. ಮನೆಯಲ್ಲಿ ಬಿಟ್ಟು ಬಂದರೆ ಮಗಳು ವೆನ್‌ಚಿಂಗ್ ಬಂದು ಒಯ್ದರೆ? ಅದರಲ್ಲಿ ಮೊದಲ ಪುಟ ನನ್ನದು, ಎರಡನೆಯದು ಮಗಳದು. ಅದನ್ನು ತೋರಿಸದೆ ಯಾವ ಕಚೇರಿಯಲ್ಲೂ ಅವಳ ಮದುವೆ ನೋಂದಾಯಿಸುವುದಿಲ್ಲ.

ಎರಡೂವರೆ ವರ್ಷದಿಂದ ಆ ಪುಸ್ತಕ ಕಾಯುತ್ತಿದ್ದೇನೆ. ಮದುವೆಯಾಗುತ್ತೇನೆಂದು ವೆನ್‌ಚಿಂಗ್ ಕನ್ನಡಕ ಮಾಡುವ ಯಾವ್ ಬಿನ್ ಎಂಬ ಹುಡುಗನನ್ನು ಅವನ ಅಪ್ಪ ಅಮ್ಮನ ಸಮೇತ ನಮ್ಮ ಮನೆಗೆ ಊಟಕ್ಕೆ ಕರೆತಂದಿದ್ದಳು. ಚಿಕ್ಕಂದಿನ ಕಾಯಿಲೆಯಿಂದ ಅವನ ಒಂದು ಕಾಲು ಸಣ್ಣದು, ಎಳೆದುಕೊಂಡು ನಡೆಯುತ್ತಾನೆ. ಊಟದ ಮಧ್ಯೆ ನಾನು, ನಮ್ಮ ಗಿರಣಿಯಲ್ಲಿ ಇಂಥದ್ದಕ್ಕೆ ಎರಡನೇ ದರ್ಜೆ ಎಂದು ಮೊಹರು ಹಾಕುತ್ತಿದ್ದೆವು ಎಂದೆ. ಇದ್ದದ್ದನ್ನು ಹೇಳಿದೆ. ಅವನ ಅಮ್ಮ ಚಾಪ್‌ಸ್ಟಿಕ್ ಕೆಳಗಿಟ್ಟರು. ಅವತ್ತು ಹೋದ ವೆನ್‌ಚಿಂಗ್ ಮನೆಗೆ ಬಂದಿಲ್ಲ. ಹಬ್ಬಕ್ಕೆ ಫೋನ್ ಮಾಡುತ್ತಾಳೆ. "ಬಿಟ್ಯಾ ಅವನನ್ನ?" ಎಂದು ಕೇಳುತ್ತೇನೆ. "ಇಲ್ಲ" ಎನ್ನುತ್ತಾಳೆ. ಇಟ್ಟುಬಿಡುತ್ತೇನೆ. ಒಂದು ನಿಮಿಷವೂ ಆಗುವುದಿಲ್ಲ. ಅವಳಿರುವುದು ಇದೇ ಚೆಂಗ್ಡುವಿನಲ್ಲಿ, ಅದು ನನಗೆ ಗೊತ್ತು. ಅದಕ್ಕಾಗಿ ಬಂದವಳಲ್ಲ ನಾನು. ಪಾಂಡಾ ನೋಡಬೇಕು ಎಂದು ಫಾಂಗ್ ಮಿನ್ ಆರು ತಿಂಗಳಿಂದ ಗೋಗರೆದಳು, ಹೋಟೆಲನ್ನೂ ಅವಳೇ ಹುಡುಕಿದಳು, ಅದಕ್ಕೆ ಬಂದೆ.

ಈ ಕನ್ನಡಕ ಮಾತ್ರ ಬಹಳ ಚೆನ್ನಾಗಿದೆ. ಹೋದ ವರ್ಷ ಕಣ್ಣಿನ ಪೊರೆ ತೆಗೆಸಿದ ಮೇಲೆ ಫಾಂಗ್ ಮಿನ್ ಮಾಡಿಸಿಕೊಟ್ಟದ್ದು. ಒಂದು ವರ್ಷವಾಯಿತು, ಇದರಲ್ಲಿ ಒಂದೂ ದೋಷ ಹುಡುಕಲಾಗಿಲ್ಲ.

ಅಕ್ಟೋಬರ್ 18, ಬುಧವಾರ

ಪಾಂಡಾ ನೋಡಿದೆವು. ತಿನ್ನುತ್ತವೆ, ಹೊರಳುತ್ತವೆ, ಮಲಗುತ್ತವೆ. ಅದಕ್ಕೆ ಇಷ್ಟು ಜನ, ಇಷ್ಟು ಕೂಗಾಟ. ಫಾಂಗ್ ಮಿನ್ ಒಂದು ಮರಿಯ ಮುಂದೆ ಮುಕ್ಕಾಲು ಗಂಟೆ ನಿಂತಳು. "ನೋಡಕ್ಕ, ಕೈ ಹೇಗ್ ಬಾಯೊಳಗೆ ಇಟ್ಕೊಂಡಿದೆ. ಹಲ್ಲು ಬರ್ತಿರ್ಬೇಕು," ಎಂದಳು. ಪಾಂಡಾದ ಹಲ್ಲಿನ ಬಗ್ಗೆ ಇವಳಿಗೇನು ಗೊತ್ತು?

ಮಧ್ಯಾಹ್ನ ನೂಡಲ್ಸ್ ತಿಂದೆ. ಇಲ್ಲಿಯವರು ಎಲ್ಲದಕ್ಕೂ ನಾಲಿಗೆ ಮರಗಟ್ಟಿಸುವ ಮೆಣಸು ಹಾಕುತ್ತಾರೆ. ಊರಿಂದ ತಂದ ಒಣರೊಟ್ಟಿಯೇ ಗತಿ.

ಮೂರು ಸಂಗತಿ ಬರೆದಿಡುತ್ತೇನೆ. ಒಂದು, ಬೆಳಗಿನ ತಿಂಡಿಯ ಕೋಣೆಯಲ್ಲಿ ನವಣೆ ಗಂಜಿಯ ಪಾತ್ರೆ ಕಂಬದ ಹಿಂದಿರುತ್ತದೆ, ಫಾಂಗ್ ಮಿನ್ ಹುಡುಕದೆ ನೇರ ಅಲ್ಲಿಗೇ ಹೋದಳು. ಎರಡು, ಬಟ್ಟೆ ಒಗೆಯುವ ಯಂತ್ರ ಎಲ್ಲಿದೆ ಎಂದು ನಾನು ಕೇಳುವ ಮೊದಲೇ "ಏಳನೇ ಮಹಡಿ, ಎಡಗಡೆ ಯಂತ್ರ ಬೇಡ, ಅದು ನೀರು ಸೋರುತ್ತೆ" ಎಂದಳು. ಮೂರು, ಟವೆಲ್ ತಂದುಕೊಡುವ ರೋಬೋ ಬಾಗಿಲಿಗೆ ಬಂದು ನಿಂತಾಗ ನಾನು ಅದರ ಸುತ್ತ ಎರಡು ಸುತ್ತು ಹಾಕಿದೆ. ಫಾಂಗ್ ಮಿನ್ ಬಂದವಳೇ ಅದರ ಹಣೆಯ ಮೇಲೆ ಒತ್ತಿ ಮುಚ್ಚಳ ತೆರೆದಳು.

ತಪಾಸಣೆಯವಳಿಗೆ ಒಂದು ಎಳೆ ತಪ್ಪಿದ್ದು ಕಂಡರೆ ಸಾಕು, ಇಡೀ ಥಾನು ಮೇಜಿಗೆ ಬರುತ್ತದೆ.

ಅಕ್ಟೋಬರ್ 19, ಗುರುವಾರ

ಇವತ್ತಿನದು ಬರೆಯುವಂಥದ್ದಲ್ಲ. ಆದರೂ ಬರೆಯುತ್ತೇನೆ.

ಬೆಳಿಗ್ಗೆ ನಾನು ಬಾತ್‌ರೂಮಿನಲ್ಲಿ ಕಾಲುಚೀಲ ಒಗೆಯುತ್ತಿದ್ದೆ. ಬಾಗಿಲು ಅರ್ಧ ಮುಚ್ಚಿತ್ತು. ಕೋಣೆ ಗುಡಿಸುವ ತಾಂಗ್ ಎಂಬ ಹೆಂಗಸು ಗಾಡಿ ತಳ್ಳಿಕೊಂಡು ಒಳಗೆ ಬಂದಳು. ಬಂದವಳೇ ಕಿರುಚಿದಳು.

"ಅಯ್ಯೋ ಫಾಂಗಕ್ಕ! ಯಾವಾಗ್ ಬಂದ್ರಿ? ಪಾಪು ಹೇಗಿದೆ? ಆ ಹಳದಿ ಕಾಮಾಲೆ ಪೂರ್ತಿ ಹೋಯ್ತಾ? ಹನ್ನೊಂದು ದಿನ ಆಸ್ಪತ್ರೆಗೂ ಇಲ್ಲಿಗೂ ಗಂಜಿ ಫ್ಲಾಸ್ಕ್ ಹಿಡ್ಕೊಂಡು ಓಡಾಡಿದ್ರಲ್ಲ, ನಾನು ಮನೇಲಿ ಎಲ್ರಿಗೂ ಹೇಳ್ತಿರ್ತೀನಿ. ನಿಮ್ಮ ವೆನ್‌ಚಿಂಗ್‌ಗೆ ಕೊನೆಗೂ ಎದೆಹಾಲು ಇಳೀತಾ?"

ನಾನು ಬಾಗಿಲು ತಳ್ಳಿ ಹೊರಗೆ ಬಂದೆ. ಕೈಯಲ್ಲಿ ಒದ್ದೆ ಕಾಲುಚೀಲ, ನೀರು ನೆಲಹಾಸಿನ ಮೇಲೆ ತೊಟ್ಟಿಕ್ಕುತ್ತಿತ್ತು. ತಾಂಗ್ ನನ್ನ ಮುಖ ನೋಡಿದಳು, ಫಾಂಗ್ ಮಿನ್ ಮುಖ ನೋಡಿದಳು, ಕಸದ ಬುಟ್ಟಿಯನ್ನೂ ಖಾಲಿ ಮಾಡದೆ ಗಾಡಿ ಹಿಂದಕ್ಕೆ ಎಳೆದುಕೊಂಡು ಹೋದಳು.

ಫಾಂಗ್ ಮಿನ್‌ಗೆ ಇರುವುದು ಒಬ್ಬನೇ ಮಗ. ಅವನಿಗೆ ಮದುವೆಯಾಗಿಲ್ಲ. ವೆನ್‌ಚಿಂಗ್ ನನ್ನ ಮಗಳು.

"ಕೂತ್ಕೋ ಅಕ್ಕ," ಎಂದಳು ಫಾಂಗ್ ಮಿನ್.

"ನಿಂತೇ ಕೇಳ್ತೀನಿ. ಹೇಳು."

ಹೇಳಿದಳು. ಮಾರ್ಚ್ ಎಂಟಕ್ಕೆ ಹುಟ್ಟಿದೆ. ಹೆಣ್ಣು. ಹುಟ್ಟಿದ ಮೂರನೇ ದಿನ ಕಾಮಾಲೆಯಾಗಿ ಪಕ್ಕದ ಬೀದಿಯ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇಟ್ಟುಕೊಂಡರಂತೆ. ಅಷ್ಟು ದಿನ ಇವಳು ಇದೇ ಹೋಟೆಲಿನಲ್ಲಿದ್ದಳು. ಆಮೇಲೆ ಅವರ ಮನೆಯಲ್ಲಿ. ತಿಂಗಳು ತುಂಬುವವರೆಗೆ ಬಾಣಂತನ ಮಾಡಿ, ತಲೆಗೆ ಗಾಳಿ ತಾಕದಂತೆ ಬಟ್ಟೆ ಕಟ್ಟಿ, ಹಂದಿಕಾಲಿನ ಸಾರು ಕುದಿಸಿ, ತಿಂಗಳು ತುಂಬಿದ ದಿನ ಕೆಂಪು ಬಣ್ಣದ ಮೊಟ್ಟೆ ಹಂಚಿ, ಆಮೇಲೆ ಊರಿಗೆ ಬಂದು ನನ್ನ ಕೈಗೆ ಚಹಾಪುಡಿ ಕೊಟ್ಟಳು. ಹಾನ್‌ಜೋಂಗ್‌ನಲ್ಲಿ ಮಳೆ ಜಾಸ್ತಿ ಎಂದಳು. ನಾನು ಆ ಚಹಾ ಕುಡಿದೆ.

"ಎದೆಹಾಲು ಇಳೀತಿರ್ಲಿಲ್ಲ ಅಕ್ಕ. ಆ ನವಣೆ ಗಂಜಿ ಕೊಟ್ಟ ಮೇಲೇ ಸರಿಹೋಗಿದ್ದು. ಅದಕ್ಕೇ ಪಾಪುನ ಮುದ್ದಿಗೆ ನವಣೆ ಅಂತ ಕರೀತಾರೆ."

ಯಾವ ನವಣೆ? ಫೆಬ್ರವರಿಯಲ್ಲಿ ಹಾನ್‌ಜೋಂಗ್‌ನಲ್ಲಿ ಒಳ್ಳೆಯ ನವಣೆ ಸಿಗುವುದಿಲ್ಲ ಎಂದು ನನ್ನ ಹತ್ತಿರ ಬಂದು ಕೇಳಿದಳಲ್ಲ, ಅದು. ಉತ್ತರದ ಹೊಲದಿಂದ ನನ್ನ ತಮ್ಮ ಕಳಿಸಿದ್ದು. ಐದು ಕಿಲೋ. ಕಲ್ಲು ಆರಿಸಿ, ಎರಡು ಸಲ ಕೇರಿ ಕೊಟ್ಟಿದ್ದೆ. ನನ್ನ ಮಗಳ ಬಾಣಂತನಕ್ಕೆ ನನ್ನ ನವಣೆ ಹೋಯಿತು, ನಾನು ಹೋಗಲಿಲ್ಲ.

ಹೆತ್ತವಳ ಕೆಲಸ ಅದು. ಬೇರೆ ಏನನ್ನು ಕದ್ದಿದ್ದರೂ ತಾಳಿಕೊಳ್ಳುತ್ತಿದ್ದೆ. ಗಂಡ ತೀರಿಕೊಂಡಾಗ ನನ್ನನ್ನು ಎತ್ತಿ ಕೂರಿಸಿದ ಕೈ ಇದು, ಅದೇ ಕೈ ಇಂಥ ಕೆಲಸ ಮಾಡಿತು.

"ಮದ್ವೆ?" ಎಂದು ಕೇಳಿದೆ. ದಿಂಬಿನ ಕೆಳಗಿನಿಂದ ಪುಸ್ತಕ ತೆಗೆದು ಅವಳ ಮುಖಕ್ಕೆ ಹಿಡಿದೆ. "ಇದು ಇಲ್ಲಿದೆ. ಹಾಗಾದ್ರೆ ಮದ್ವೆ ಇಲ್ದೇ ಹೆತ್ಳಾ?"

ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು.

ಅಕ್ಟೋಬರ್ 20, ಶುಕ್ರವಾರ

ಮಾತಿಲ್ಲ. ಇವತ್ತು ಊರಾಚೆಯ ಅಣೆಕಟ್ಟು ನೋಡುವುದೆಂದಿತ್ತು, ಅವಳು ಹೋಗಲಿಲ್ಲ, ನಾನೂ ಹೋಗಲಿಲ್ಲ. ಊರಿಗೆ ಹೋಗೋಣವೆಂದರೆ ಟಿಕೆಟ್ ಇರುವುದು ಅವಳ ಫೋನಿನಲ್ಲಿ, ಅವಳ ಹತ್ತಿರ ಕೇಳುವುದಿಲ್ಲ.

ಮೇಜಿನ ಖಾನೆಯಲ್ಲಿ ಸೂಜಿ ದಾರದ ಪುಟ್ಟ ಪೊಟ್ಟಣ ಇತ್ತು. ಪರದೆಯ ಅಂಚು ಹೊಲಿದೆ.

ತಿಂಡಿಯಿಂದ ಎರಡು ಮೊಟ್ಟೆ ತಂದಿದ್ದೆ. ಒಂದನ್ನು ಅವಳ ಫ್ಲಾಸ್ಕ್ ಪಕ್ಕದಲ್ಲಿಟ್ಟೆ. ಹಾಳಾಗುತ್ತದಲ್ಲ, ಅದಕ್ಕೆ.

ಅಕ್ಟೋಬರ್ 21, ಶನಿವಾರ

ಇವತ್ತು ಅವಳೇ ಬಾಯಿಬಿಟ್ಟಳು. ನಾನು ಕೇಳಿರಲಿಲ್ಲ. ಬೆಳಿಗ್ಗೆ ಮುಖ ತೊಳೆದುಕೊಂಡು ಬಂದು, ಕುರ್ಚಿ ಎಳೆದುಕೊಂಡು ನನ್ನೆದುರು ಕೂತಳು.

"ಅಕ್ಕ, ಇನ್ನೊಂದಿದೆ. ಆ ಪುಸ್ತಕನ ದಿಂಬಿನ ಕೆಳಗೆ ಇಟ್ಕೊಂಡು ಮಲಗ್ತೀಯಲ್ಲ, ಅದನ್ನ ನೋಡ್ತಾ ಮಲಗೋಕೆ ನಂಗೆ ಆಗ್ತಿಲ್ಲ. ಹೋದ ವರ್ಷ ನಿನ್ನ ಕಣ್ಣಿಗೆ ಪಟ್ಟಿ ಕಟ್ಟಿದ್ರಲ್ಲ, ಆಗ ನಾನೇ ಅದನ್ನ ತಗೊಂಡೆ. ರಜಾಯಿ ಪೆಟ್ಟಿಗೆ ತಳದಲ್ಲಿತ್ತು. ಕೊರಿಯರ್‌ನಲ್ಲಿ ವೆನ್‌ಚಿಂಗ್‌ಗೆ ಕಳಿಸ್ದೆ. ಆಗವಳಿಗೆ ಮೂರು ತಿಂಗಳು. ಐದು ದಿನಕ್ಕೆ ವಾಪಸ್ ಬಂತು, ನೀನು ಆಸ್ಪತ್ರೆಯಿಂದ ಬರೋಷ್ಟ್ರಲ್ಲಿ ಇದ್ದ ಜಾಗಕ್ಕೇ ಇಟ್ಟೆ."

ಪೆಟ್ಟಿಗೆಯ ತಳದಲ್ಲಿದೆ ಎಂದು ಲೋಕದಲ್ಲಿ ಇಬ್ಬರಿಗೆ ಗೊತ್ತಿತ್ತು. ಒಬ್ಬಳು ನಾನು. ಇನ್ನೊಬ್ಬಳಿಗೆ ಹೇಳಿದವಳೂ ನಾನೇ, ಜಂಬದಿಂದ.

ಅಂದರೆ ಒಂದು ವರ್ಷದಿಂದ ನಾನು ಕಾವಲು ಕಾದದ್ದು ಏನನ್ನು? ಅವರು ಆಗಲೇ ಮೊಹರು ಒತ್ತಿಸಿಕೊಂಡು ವಾಪಸ್ ಕಳಿಸಿದ ಪುಸ್ತಕವನ್ನು. ರೈಲಿನಲ್ಲಿ ಅದನ್ನು ಹೊಟ್ಟೆಗೆ ಅವುಚಿಕೊಂಡು ಕೂತಿದ್ದೆ. ಇವಳು ಎದುರಿಗೆ ಕೂತು ಕಡಲೆಬೀಜ ಬಿಡಿಸಿಕೊಡುತ್ತಿದ್ದಳು.

"ಅಂದ್ರೆ ಮದ್ವೆ ಆಗಿದೆ," ಎಂದೆ.

"ಅದನ್ನ ವೆನ್‌ಚಿಂಗೇ ಹೇಳ್ಬೇಕು. ನಾನು ಹೇಳಲ್ಲ. ಅವಳಿಗೆ ಕೊಟ್ಟ ಮಾತು ಮುರಿದು ನಿನ್ನ ಇಲ್ಲಿಗೆ ಕರ್ಕೊಂಡ್ ಬಂದಿದೀನಿ. ನೀನು ಇಲ್ಲಿದೀಯ ಅಂತ ಅವಳಿಗೆ ಗೊತ್ತಿಲ್ಲ. ಪಾಂಡಾನೂ ಬೇಡ, ಏನೂ ಬೇಡ. ಪಾಪುಗೆ ಏಳು ತಿಂಗಳು ತುಂಬಿತು ಅಕ್ಕ. ನಿನ್ನ ಮೂಗೇ."

ಹಾಗಾದರೆ ಪ್ರವಾಸವೂ ಸುಳ್ಳು. ನನಗೆ ಏನಾಯಿತೋ, ಎದ್ದು ನಿಂತು ಕೂಗಿದೆ. "ನನ್ನ ಮನೇಲಿ ನೀನು ಕೈಯಾಡಿಸ್ದೇ ಇರೋ ಒಂದಾದ್ರೂ ವಸ್ತು ಉಳಿದಿದ್ಯೇನೇ? ಒಂದಾದ್ರೂ?"

ಕೂಗಿದ್ದು ಅಷ್ಟೇ, ಪ್ರಶ್ನೆಯಾಗಿ ಕೇಳಿರಲಿಲ್ಲ. ಈ ಹೆಂಗಸಿಗೆ ಸುಳ್ಳು ಹೇಳಿ ಹೇಳಿ ಸಾಕಾಗಿತ್ತೋ ಏನೋ, ಕೂತು ಯೋಚಿಸಿದಳು. ಆಮೇಲೆ ಮೆಲ್ಲಗೆ ಹೇಳಿದಳು.

"ಕನ್ನಡಕ."

"ಏನು ಕನ್ನಡಕ?"

"ಯಾವ್ ಬಿನ್ ಮಾಡಿದ್ದು. ಡಾಕ್ಟ್ರ ಚೀಟಿ ಫೋಟೋ ತೆಗ್ದು ಕಳಿಸಿದ್ದೆ. ಗಾಜನ್ನ ತಾನೇ ಕೂತು ಎರಡು ದಿನ ಉಜ್ಜಿದ್ನಂತೆ. ಅವನು ಮಾಡಿದ್ದು ಅಂತ ಗೊತ್ತಾದ್ರೆ ನೀನು ಹಾಕ್ಕೊಳಲ್ಲ ಅಂತ ಅವನೇ ಹೇಳ್ದ, ಅಂಗಡೀದು ಅನ್ನಿ ಅಂತ."

ನಾನು ಕೈ ಚಾಚಿದೆ. "ಬೀಗದ ಕೈ ಕೊಡು. ನನ್ನ ಮನೇದು."

ಇಪ್ಪತ್ತಾರು ವರ್ಷದಿಂದ ಅವಳ ಗೊಂಚಲಿನಲ್ಲಿದ್ದ ಕೈ ಅದು. ಉಂಗುರ ಬಿಗಿಯಾಗಿತ್ತು. ಉಗುರು ಮುರಿದುಕೊಂಡು ಬಿಚ್ಚಿ ಕೊಟ್ಟಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಅದೇ ದಿನ, ಸಂಜೆ

ಕನ್ನಡಕ ತೆಗೆದಿಟ್ಟಿದ್ದೇನೆ. ಅಕ್ಷರ ಕಾಣುತ್ತಿಲ್ಲ, ದಪ್ಪದಪ್ಪ ಬರೆಯುತ್ತಿದ್ದೇನೆ.

ಇನ್ನು ಅವಳ ಜೊತೆ ಮಾತಿಲ್ಲ. ಸಾಯುವವರೆಗೂ ಇಲ್ಲ.

ಗೆರೆ ಎಲ್ಲಿಗೆ ಹೋಯಿತೋ.

ಅಕ್ಟೋಬರ್ 22, ಭಾನುವಾರ

ಕನ್ನಡಕ ಹಾಕಿಕೊಂಡೇ ಬರೆಯುತ್ತಿದ್ದೇನೆ. ಬರೆಯಲು ಬೇಕಲ್ಲ.

ಹತ್ತು ಗಂಟೆಗೆ ಕೌಂಟರಿನಿಂದ ಫೋನ್ ಬಂತು, ನಿಮ್ಮನ್ನು ನೋಡಲು ಬಂದಿದ್ದಾರೆ ಎಂದು. ಪುಸ್ತಕವನ್ನು ಬಟ್ಟೆ ಚೀಲಕ್ಕೆ ಹಾಕಿಕೊಂಡು ಇಳಿದೆ. ಅದನ್ನು ಕೋಣೆಯಲ್ಲಿ ಬಿಡುವ ಅಭ್ಯಾಸವಿಲ್ಲ. ಫಾಂಗ್ ಮಿನ್ ಆಗಲೇ ಕೆಳಗಿದ್ದಳು, ಫೋನ್ ಮಾಡಿ ಕರೆಸಿದವಳು ಅವಳೇ ಇರಬೇಕು. ವೆನ್‌ಚಿಂಗ್ ಕೊಡೆಗಳ ಸ್ಟ್ಯಾಂಡ್ ಪಕ್ಕ ನಿಂತಿದ್ದಳು, ಎದೆಗೆ ಕಟ್ಟಿದ ಚೀಲದಲ್ಲಿ ಮಗು. ಸಣ್ಣಗಾಗಿದ್ದಾಳೆ. ಕೂದಲು ಕತ್ತರಿಸಿಕೊಂಡಿದ್ದಾಳೆ. ಮೊದಲು ಬೈದದ್ದು ನನ್ನನ್ನಲ್ಲ.

"ಚಿಕ್ಕಮ್ಮ, ಅಮ್ಮನ್ನ ಕರ್ಕೊಂಡ್ ಬನ್ನಿ ಅಂತ ನಾನು ನಿಮಗೆ ಹೇಳಿದ್ನಾ? ನೀವು ಮಾತು ಕೊಟ್ಟಿದ್ರಿ. ನಿಮ್ಮನ್ನ ನಂಬಿದ್ದೆ ನಾನು."

"ಹೌದು ಮಗಳೇ," ಎಂದಳು ಫಾಂಗ್ ಮಿನ್. "ಬೈಯಿ. ಅವಳೂ ಬೈದಾಯ್ತು." ಲಿಫ್ಟಿನ ಕಡೆ ಹೊರಟುಹೋದಳು. ಎರಡೂ ಕಡೆಯಿಂದ ಬೈಗುಳ ತಿಂದಳು. ತಿನ್ನಲಿ ಎಂದು ನಾನು ಅಂದುಕೊಳ್ಳಬೇಕಿತ್ತು.

ಗಾಜಿನ ಬಾಗಿಲಿನ ಆಚೆ, ಮರದ ಕೆಳಗೆ ಅವನು ನಿಂತಿದ್ದ. ಹೆಗಲಿಗೆ ಮಗುವಿನ ಬಟ್ಟೆಯ ಚೀಲ. ಒಳಗೆ ಬರಲಿಲ್ಲ.

ನಾವಿಬ್ಬರೂ ಸೋಫಾದ ಮೇಲೆ ಕೂತೆವು. ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ.

"ಮದ್ವೆ ಆಯ್ತಂತಲ್ಲ," ಎಂದೆ. "ಕದ್ದ ಪುಸ್ತಕದಲ್ಲಿ."

"ಯಾರಿಗೆ ಆಯ್ತು?"

"ನಿಂಗೆ."

"ಆಗಿಲ್ಲಮ್ಮ. ಪುಸ್ತಕ ಬಂದ ದಿನವೇ ವಾಪಸ್ ಕಳಿಸ್ದೆ. ಪೊಟ್ಟಣ ಪೂರ್ತಿ ಬಿಚ್ಚಿರ್ಲೂ ಇಲ್ಲ. ಚಿಕ್ಕಮ್ಮ ಪಾಪ ನನಗೋಸ್ಕರ ಕಳಿಸಿದ್ರು. ಆದ್ರೆ ನಾನು ಕದ್ದು ಮದ್ವೆ ಆಗಲ್ಲ. ನೀನು ಬಚ್ಚಿಟ್ಟಿದೀಯ, ನೀನೇ ತಂದು ನನ್ನ ಕೈಗೆ ಕೊಡ್ಬೇಕು. ಕೊಡೋವರ್ಗೂ ಹೀಗೇ ಇರ್ತೀನಿ."

"ಹೀಗೇ ಅಂದ್ರೆ? ಮಗು ಹೆತ್ಕೊಂಡು?"

"ಹೆತ್ಕೊಂಡು."

"ಅಕ್ಕಪಕ್ಕದವ್ರು ಏನಂತಾರೆ?"

"ಏನೇನೋ ಅಂತಾರೆ. ಆಸ್ಪತ್ರೇಲಿ ಫಾರಂ ತುಂಬುವಾಗ್ಲೂ ಅಂದ್ರು. ಕೇಳಿಸ್ಕೊಂಡೆ."

"ಇಷ್ಟು ಹಟ ಯಾರಿಂದ ಬಂತೇ ನಿಂಗೆ?"

ಅವಳು ನನ್ನನ್ನೇ ನೋಡಿದಳು.

"ಫೋನ್‌ನಲ್ಲಿ ಹೇಳ್ಬೋದಿತ್ತಲ್ಲ," ಎಂದೆ.

"ಹೇಳೋಕೆ ಬಿಟ್ಯಾ? ಹೊಸ ವರ್ಷಕ್ಕೆ ನಂಗೆ ಏಳು ತಿಂಗಳು. ಕಾಲು ಬಾತಿತ್ತು. ನಿನ್ನ ಧ್ವನಿ ಕೇಳ್ಬೇಕು ಅನ್ನಿಸ್ತು. ನೀನು 'ಬಿಟ್ಯಾ ಅವನನ್ನ' ಅಂದೆ. ನಾನು 'ಇಲ್ಲ' ಅಂದೆ. 'ಇಲ್ಲ' ಆದ್ಮೇಲೆ ಇನ್ನೂ ಹೇಳೋದಿತ್ತಮ್ಮ. ನೀನು ಇಟ್ಬಿಟ್ಟಿದ್ದೆ."

ನನಗೆ ದ್ರೋಹವಾಗಿದೆ ಎಂದು ಕೆಳಗಿಳಿದು ಬಂದವಳು ನಾನು. ಹೇಳಬೇಕಾದದ್ದನ್ನೆಲ್ಲ ಲಿಫ್ಟಿನಲ್ಲಿ ಜೋಡಿಸಿಕೊಂಡು ಬಂದಿದ್ದೆ. ಅದನ್ನು ಬಿಟ್ಟು, ಜಾರಿದ್ದ ಮಗುವಿನ ಕಾಲುಚೀಲ ಎಳೆಯಲು ಬಗ್ಗಿದೆ.

ಅಷ್ಟರಲ್ಲಿ ಮಗು ಕೈ ಚಾಚಿ ನನ್ನ ಕನ್ನಡಕ ಕಿತ್ತುಕೊಂಡಿತು. ಬಹಳ ಗಟ್ಟಿ ಹಿಡಿತ. ಬಿಡಿಸುವಷ್ಟರಲ್ಲಿ ಒಂದು ಕಡೆಯ ಕಡ್ಡಿ ಬಾಗಿತು. ಗಾಜಿನಾಚೆ ಅವನು ಒಂದು ಹೆಜ್ಜೆ ಮುಂದಿಟ್ಟು, ಮತ್ತೆ ಹಿಂದಿಟ್ಟದ್ದು ಮಸುಕಾಗಿ ಕಂಡಿತು. ವೆನ್‌ಚಿಂಗ್ ಕನ್ನಡಕ ಹಿಡಿದುಕೊಂಡು ಹೊರಗೆ ಹೋದಳು. ಅವನು ಜೇಬಿನಿಂದ ಏನೋ ತೆಗೆದ, ತಲೆ ಬಗ್ಗಿಸಿ ಎರಡು ನಿಮಿಷ ಕೆಲಸ ಮಾಡಿದ. ಅವಳು ತಂದುಕೊಟ್ಟಳು. ಮೊದಲು ಸ್ವಲ್ಪ ಜಾರುತ್ತಿತ್ತು, ಈಗ ಸರಿಯಾಗಿ ಕೂತಿದೆ.

ಹೊರಡುವಾಗ ವೆನ್‌ಚಿಂಗ್ ಕೇಳಿದಳು, "ಯಾವಾಗ ರೈಲು?"

"ನಾಳೆ ಮಧ್ಯಾಹ್ನ."

"ನಾಳೆ ಬೆಳಿಗ್ಗೆ ಒಂಬತ್ತಕ್ಕೆ ನೋಂದಣಿ ಕಚೇರಿ ತೆಗೀತಾರೆ. ನಾನು ಬಾಗಿಲ ಹತ್ರ ಇರ್ತೀನಿ. ಹತ್ತರವರ್ಗೂ ಕಾಯ್ತೀನಿ. ಬಂದ್ರೆ ಬಾ. ಬರ್ದಿದ್ರೆ ಇನ್ನು ಹಬ್ಬಕ್ಕೂ ಫೋನ್ ಮಾಡಲ್ಲ."

ಪುಸ್ತಕ ಅಷ್ಟು ಹೊತ್ತೂ ನನ್ನ ತೊಡೆಯ ಮೇಲಿನ ಚೀಲದಲ್ಲೇ ಇತ್ತು. ಕೈ ಹಾಕಿದ್ದರೆ ಸಾಕಿತ್ತು. ಹಾಕಲಿಲ್ಲ. ಯಾಕೆ ಎಂದು ಮೂರು ಸಲ ಬರೆಯಲು ಹೋಗಿ ಹೊಡೆದುಹಾಕಿದೆ.

ಮೂಗು ನನ್ನದೇ.

ಅಕ್ಟೋಬರ್ 23, ಸೋಮವಾರ, ರೈಲಿನಲ್ಲಿ

ಇವತ್ತು ಹಿರಿಯರ ಹಬ್ಬ, ಚಾಂದ್ರಮಾನದ ಒಂಬತ್ತನೇ ತಿಂಗಳ ಒಂಬತ್ತನೇ ದಿನ. ಹೋಟೆಲಿನವರು ತಿಂಡಿಯ ಕೋಣೆಯಲ್ಲಿ ಅರವತ್ತು ದಾಟಿದವರಿಗೆಲ್ಲ ಹಬ್ಬದ ಅಕ್ಕಿ ಕೇಕು ಕೊಟ್ಟರು, ಮೇಲೊಂದು ಕಾಗದದ ಬಾವುಟ. ಫಾಂಗ್ ಮಿನ್ ಕಂಬದ ಹಿಂದೆ ಒಬ್ಬಳೇ ಕೂತಿದ್ದಳು. ಗಂಜಿ ಹಾಕಿಕೊಂಡಿದ್ದಳು, ಕುಡಿಯುತ್ತಿರಲಿಲ್ಲ. ನಾನು ಬೇರೆ ಮೇಜಿಗೆ ಹೋದೆ.

ಕೋಣೆಗೆ ಬಂದರೆ ಕೆಟಲ್ ಪಕ್ಕದಲ್ಲಿ ಹೋಟೆಲಿನ ಹಾಳೆ. ಅವಳ ಅಂಕುಡೊಂಕು ಅಕ್ಷರ. ಗೇಟಿನಿಂದ ಎಡಕ್ಕೆ, ಹಣ್ಣಿನಂಗಡಿ ದಾಟಿ ಬಲಕ್ಕೆ, ಎರಡು ಸಿಗ್ನಲ್. ಅಷ್ಟೇ. ಬಾ ಎಂದೂ ಇಲ್ಲ, ಹೋಗು ಎಂದೂ ಇಲ್ಲ.

ಒಂಬತ್ತೂ ಐವತ್ತಕ್ಕೆ ತಲುಪಿದೆ. ದಾರಿ ತಪ್ಪಿದ್ದರಿಂದ ತಡವಾಯಿತು, ಬೇಕೆಂದು ಮಾಡಿದ್ದಲ್ಲ. ವೆನ್‌ಚಿಂಗ್ ಬಾಗಿಲ ಹತ್ತಿರವೇ ಇದ್ದಳು. ಪುಸ್ತಕ ತೆಗೆದು ಅವಳ ಕೈಗೆ ಕೊಟ್ಟೆ. ಅವಳು ತೆಗೆದುಕೊಂಡಳು, ಆದರೆ ನಾನು ಬೇಗ ಬಿಡಲಿಲ್ಲವಂತೆ. "ಅಮ್ಮ, ಬಿಡು," ಎಂದಳು. ಬಿಟ್ಟೆ. ಆಗ ಅಲ್ಲೇ ಮೆಟ್ಟಿಲ ಮೇಲೆ ನಿಂತು ಜೋರಾಗಿ ಅತ್ತಳು, ಚಿಕ್ಕವಳಿದ್ದಾಗ ಅಳುತ್ತಿದ್ದ ಹಾಗೇ, ಬಾಯಿ ತೆರೆದು. ಜನ ನೋಡಿದರು. ನೋಡಲಿ.

ಅವರಿಬ್ಬರೂ ಕೆಂಪು ಪರದೆಯ ಮುಂದೆ ಫೋಟೋಗೆ ಕೂತಾಗ ಮಗುವನ್ನು ಹಿಡಿದುಕೊಳ್ಳಲು ಯಾರೂ ಇರಲಿಲ್ಲ. ಹನ್ನೆರಡು ನಿಮಿಷ ನನ್ನ ಹತ್ತಿರ ಇತ್ತು. ಭಾರವಿದೆ. ತಲೆಗೆ ಹಳದಿ ಉಲ್ಲನ್ ಟೋಪಿ, ಕೈ ಹೆಣಿಗೆ. ಮೂರು ಕಡೆ ಕಣ್ಣಿ ಬಿಟ್ಟಿದೆ, ಅಂಚು ಒಂದು ಕಡೆ ಎಳೆದಿದೆ. ಇಷ್ಟು ಕೆಟ್ಟದಾಗಿ ಹೆಣೆಯುವವಳು ಲೋಕದಲ್ಲಿ ಒಬ್ಬಳೇ. ಕಿವಿಯ ಮೇಲೆ ಚೆನ್ನಾಗಿ ಮುಚ್ಚಿಕೊಂಡಿತ್ತು, ಹಾಗೇ ಬಿಟ್ಟೆ. ಹಬ್ಬದ ಕೇಕಿನ ಬಾವುಟ ಚೀಲದಲ್ಲಿತ್ತು, ಕೈಗೆ ಕೊಟ್ಟೆ. ತಕ್ಷಣ ತಿಂದಿತು. ಬೆರಳು ಹಾಕಿ ತೆಗೆದೆ. ಕೆಳಗೆ ಎರಡು ಹಲ್ಲು ಬಂದಿವೆ.

ಯಾವ್ ಬಿನ್ ಕೆಂಪು ಪ್ರಮಾಣಪತ್ರ ಹಿಡಿದು ಬಂದು ನನ್ನೆದುರು ನಿಂತ. "ಅಮ್ಮ," ಎಂದ.

"ಕನ್ನಡಕ ಈಗ ಜಾರ್ತಿಲ್ಲ," ಎಂದೆ. ಅವನ ಅಮ್ಮನಿಗೆ ಹೇಳಬೇಕಾದ ಮಾತು ಬೇರೆ ಇದೆ, ಅದನ್ನು ಅವರ ಎದುರಿಗೇ ಹೇಳಬೇಕು. ಹೊರಡುವಾಗ ಗಮನಿಸಿದೆ, ಸುಮ್ಮನೆ ನಡೆಯುವಾಗ ಕಾಲು ಎಳೆಯುತ್ತಾನೆ, ಮಗುವನ್ನು ಎತ್ತಿಕೊಂಡರೆ ಹೆಜ್ಜೆ ನೋಡಿ ನೋಡಿ ಇಡುತ್ತಾನೆ.

ಪುಸ್ತಕವನ್ನು ವೆನ್‌ಚಿಂಗ್ ಹತ್ತಿರವೇ ಬಿಟ್ಟು ಬಂದೆ. ಹೊಸ ವರ್ಷಕ್ಕೆ ಬರುವಾಗ ತರಲಿ.

ಹೋಟೆಲಿಗೆ ಬಂದರೆ ಫಾಂಗ್ ಮಿನ್ ಎರಡೂ ಪೆಟ್ಟಿಗೆ ಕಟ್ಟಿ, ಕೋಣೆ ಖಾಲಿ ಮಾಡಿ, ಕೆಳಗೆ ಸೋಫಾದ ತುದಿಯಲ್ಲಿ ಕೂತಿದ್ದಳು. ನನ್ನ ಮುಖ ನೋಡಿದಳು, ನನ್ನ ಪೆಟ್ಟಿಗೆಯನ್ನು ನನ್ನ ಕಡೆ ಸರಿಸಿದಳು. ಕೌಂಟರಿನ ಹುಡುಗಿ ದೋಷ ಏನಾದರೂ ಇದ್ದರೆ ಬರೆಯಿರಿ ಎಂದು ಒಂದು ಕಾರ್ಡ್ ಕೊಟ್ಟಳು. ಪೆನ್ನು ಹಿಡಿದು ನಿಂತೆ, ಪರದೆಯಂತೂ ಈಗ ಸರಿಯಿದೆ. ಉಳಿದದ್ದು ಆ ಹೊತ್ತಿಗೆ ನೆನಪಾಗಲಿಲ್ಲ. ಖಾಲಿ ಕಾರ್ಡ್ ವಾಪಸ್ ಕೊಟ್ಟೆ.

ಈಗ ರೈಲು ಸುರಂಗದ ಮೇಲೆ ಸುರಂಗ ದಾಟುತ್ತಿದೆ. ಫಾಂಗ್ ಮಿನ್ ಎದುರಿನ ಸೀಟಿನಲ್ಲಿ ಬಾಯಿ ತೆರೆದು ಮಲಗಿದ್ದಾಳೆ. ಈ ವಾರ ಪೂರ್ತಿ ನಿದ್ದೆ ಮಾಡಿದ್ದು ನಾನು ನೋಡಿಲ್ಲ. ಅವಳು ಮಾಡಿದ್ದು ದ್ರೋಹವೇ. ನೂರು ಸಲ ತಿರುವಿ ನೋಡಿದರೂ ದ್ರೋಹವೇ, ಅದರಲ್ಲಿ ಮಾತು ಬದಲಿಸುವವಳಲ್ಲ ನಾನು. ನನಗೆ ಹೇಳದೆ ನನ್ನ ಪೆಟ್ಟಿಗೆ ತೆರೆದಳು, ನನಗೆ ಹೇಳದೆ ನನ್ನ ಮಗಳ ತಲೆಗೆ ಬಟ್ಟೆ ಕಟ್ಟಿದಳು. ಆ ತಿಂಗಳು ನನಗೆ ಇನ್ನು ಯಾರೂ ವಾಪಸ್ ಕೊಡಲಾರರು. ಅವಳ ಜೊತೆ ಮಾತು ಬಿಟ್ಟಿದ್ದೇನೆ, ಬಿಟ್ಟದ್ದು ಬಿಟ್ಟದ್ದೇ.

ಅವಳ ಫ್ಲಾಸ್ಕಿನಲ್ಲಿ ನೀರು ಮುಗಿದಿತ್ತು, ಬೋಗಿಯ ತುದಿಗೆ ಹೋಗಿ ಬಿಸಿನೀರು ತುಂಬಿಸಿ ತಂದಿಟ್ಟೆ. ಬೀಗದ ಕೈಯನ್ನು ಅವಳ ಕೈಚೀಲದ ಒಳಜೇಬಿಗೆ ಹಾಕಿದೆ. ನನಗೆ ಏನಾದರೂ ಆದರೆ ಬಾಗಿಲು ತೆರೆಯುವವರು ಒಬ್ಬರು ಬೇಕಲ್ಲ. ಆ ಚೀಲದ ಜಿಪ್ಪಿನಲ್ಲಿ ನಾಲ್ಕು ಹಲ್ಲು ಹೋಗಿವೆ, ಸರಿಯಾಗಿ ಮುಚ್ಚುವುದಿಲ್ಲ, ಬೀಗದ ಕೈ ಬಿದ್ದುಹೋಗಬಹುದು. ಎದ್ದಾಗ ಹೇಳಬೇಕು.